ಕುದುರೆ ಕಟ್ಟುವ ಮೊದಲು ಹುರುಳಿಯ ಲೆಕ್ಕ

ಪುಟ್ಟೀ,

ನೀವಿಬ್ಬರೂ ಕಾರು ಕೊಳ್ಳಲು ಹೊರಟಿದ್ದೀರಿ, ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಹಾಗಾಗಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅಳಿಯನಿಗೆ ಟರ್ಬೊ ಎಂಜಿನ್ ಬೇಕು, ಕಾಲಿಟ್ಟರೆ ಗಾಡಿ ಚಿಮ್ಮಬೇಕು. ನಿನಗೆ ಮೈಲೇಜ್ ಬೇಕು. ಸೂರತ್ತಿನ ನೀರು ಕುಡಿದವರು 'ಎವರೇಜ್ ಕೇಟಲೀ ಆಪೇ?', ಅಂದರೆ ಮೈಲೇಜ್ ಎಷ್ಟು ಕೊಡುತ್ತದೆ, ಅಂತ ಕೇಳದೆ ಗಾಡಿಯ ಬಾಗಿಲು ಸಹ ತೆಗೆಯುವುದಿಲ್ಲ, ಅದು ನಿನಗೂ ಅಂಟಿದೆ. ಸೋದರಮಾವ ಅಂದಮೇಲೆ, ಅದರಲ್ಲೂ ಬರೋಡಾದಲ್ಲಿ ನೌಕರಿಯ ವರ್ಷಗಳನ್ನೆಲ್ಲ ಎಂಜಿನ್ನು, ಪಂಪುಗಳ ನಡುವೆಯೇ ಕಳೆದವನು ಅಂದಮೇಲೆ, ಪಂಚಾಯಿತಿ ನನ್ನ ಹತ್ತಿರ ಬರುವುದು ಸಹಜವೇ.

ತೀರ್ಪು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನೀವಿಬ್ಬರೂ ಕಾರಿನಿಂದ ಯೋಚನೆ ಶುರು ಮಾಡಿದ್ದೀರಿ, ದಾರಿಯಿಂದ ಶುರು ಮಾಡಿ. ವರ್ಷಕ್ಕೆ ಎಷ್ಟು ಕಿಲೋಮೀಟರ್, ಎಂಥ ರಸ್ತೆ, ಗಾಡಿಯಲ್ಲಿ ಎಷ್ಟು ಜನ. ಈ ಮೂರನ್ನು ಒಂದು ಹಾಳೆಯಲ್ಲಿ ಪ್ರಾಮಾಣಿಕವಾಗಿ ಬರೆದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಅಶ್ವಶಕ್ತಿ ಅನ್ನುತ್ತೇವಲ್ಲ, ಕುದುರೆ ಕಟ್ಟಿದವರು ಹುರುಳಿಯನ್ನೂ ಹಾಕಬೇಕು. ಲಾಯದಲ್ಲಿ ಸುಮ್ಮನೆ ನಿಂತ ಕುದುರೆಯೂ ಮೇಯುತ್ತದೆ. ಹಾಗಂತ ಬಡಕಲು ಕುದುರೆಗೆ ಭಾರದ ಗಾಡಿ ಹೂಡಿದರೆ ಅದೂ ಕಡಿಮೆಯೇನೂ ತಿನ್ನುವುದಿಲ್ಲ.

ಇದು ಬರೀ ಮಾತಿನ ಚಮತ್ಕಾರವಲ್ಲ, ಎಂಜಿನ್ನಿನ ಸ್ವಭಾವವೇ ಹಾಗೆ. ಪೆಟ್ರೋಲ್ ಎಂಜಿನ್ ತನ್ನ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ದುಡಿಯುವಾಗ ಅದರ ಗಂಟಲು ಅರ್ಧ ಮುಚ್ಚಿರುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ಎಳೆದುಕೊಳ್ಳುವುದಕ್ಕೇ ಒಂದಿಷ್ಟು ಇಂಧನ ದಂಡವಾಗುತ್ತದೆ. ದೊಡ್ಡ ಎಂಜಿನ್ನನ್ನು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿಸಿದರೆ ಆಗುವುದು ಇದೇ. ಇನ್ನೊಂದು ಕಡೆ, ಸಣ್ಣ ಎಂಜಿನ್ನಿನ ಮೇಲೆ ಐದು ಜನ, ಡಿಕ್ಕಿ ತುಂಬ ಸಾಮಾನು, ಜೊತೆಗೆ ಎ.ಸಿ. ಹೇರಿ ಹೈವೇಯಲ್ಲಿ ಓಡಿಸಿದರೆ ಅದು ಸದಾ ಮೇಲಿನ ಆರ್‌ಪಿಎಂನಲ್ಲಿ ಕಿರುಚುತ್ತಾ ಇರುತ್ತದೆ, ಕಾಗದದ ಮೇಲಿನ ಮೈಲೇಜ್ ಅಲ್ಲೇ ಕರಗುತ್ತದೆ. ಎಂಜಿನ್ನಿಗೆ ಅದರ ಅಳತೆಯ ಕೆಲಸ ಸಿಕ್ಕಾಗಲೇ ಉಳಿತಾಯ.

ಗಾಡಿ ಓಡಿಸಲು ನಿಜಕ್ಕೂ ಎಷ್ಟು ಶಕ್ತಿ ಬೇಕು ಅನ್ನುವುದನ್ನು ಅಳಿಯನಿಗೆ ತೋರಿಸು. ಒಬ್ಬಿಬ್ಬರು ಕುಳಿತ ಸಣ್ಣ ಹ್ಯಾಚ್‌ಬ್ಯಾಕ್ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗ ಹಿಡಿದಿಡಲು ಚಕ್ರಕ್ಕೆ ಸುಮಾರು 10 ಅಶ್ವಶಕ್ತಿ ಸಾಕು. 100ಕ್ಕೆ ಸುಮಾರು 16, 120ಕ್ಕೆ ಸುಮಾರು 25. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಭೇದಿಸುವ ಶಕ್ತಿ ಘನದಂತೆ ಏರುತ್ತದೆ. ಎ.ಸಿ.ಗೆ ಇನ್ನೆರಡು ಮೂರು ಸೇರಿಸಿಕೋ. ಐದು ಜನರಿರುವ ಅದೇ ಗಾಡಿ ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯನ್ನು 60ರ ವೇಗದಲ್ಲಿ ಹತ್ತಲು ಹೆಚ್ಚುವರಿಯಾಗಿ ಸುಮಾರು 14. ಹಾಗಾದರೆ 82 ಅಶ್ವಶಕ್ತಿಯ ಕಾರಿನಲ್ಲಿ ಉಳಿದ ಕುದುರೆಗಳಿಗೆ ಏನು ಕೆಲಸ? ವೇಗ ಏರಿಸುವ ಆ ಕೆಲವು ಕ್ಷಣಗಳ ಕೆಲಸ. ಲಾರಿ ದಾಟುವಾಗ, ಎಕ್ಸ್‌ಪ್ರೆಸ್‌ವೇಗೆ ಸೇರಿಕೊಳ್ಳುವಾಗ ಅವು ಬೇಕೇ ಬೇಕು. ಆದರೆ ಅಂಥ ಕ್ಷಣಗಳು ನಿನ್ನ ದಿನದಲ್ಲಿ ಎಷ್ಟು ಬರುತ್ತವೆ ಅನ್ನುವುದೇ ಪ್ರಶ್ನೆ.

ಮೂರು ಊರುಗಳ ಮೂರು ದಾರಿಗಳನ್ನು ಹೋಲಿಸಿ ನೋಡೋಣ. ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಲೀಟರಿಗೆ 95 ರೂಪಾಯಿ, ಸಿಎನ್‌ಜಿ ಕೆ.ಜಿ.ಗೆ 80 ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ. ನೀನು ನಿನ್ನ ಬಂಕಿನ ದರ ಹಾಕಿಕೋ. ಊರಿನ ಓಡಾಟದಲ್ಲಿ ಸಿಎನ್‌ಜಿ ಹ್ಯಾಚ್‌ಬ್ಯಾಕ್ ಕೆ.ಜಿ.ಗೆ 25, ಅದೇ ಕಾರು ಪೆಟ್ರೋಲಿನಲ್ಲಿ ಲೀಟರಿಗೆ 17, ಟರ್ಬೊ ಎಸ್‌ಯುವಿ 13 ಕೊಡುತ್ತದೆ ಅನ್ನು. ಕಿಲೋಮೀಟರಿಗೆ ಕ್ರಮವಾಗಿ 3 ರೂಪಾಯಿ 20 ಪೈಸೆ, 5 ರೂಪಾಯಿ 60 ಪೈಸೆ, 7 ರೂಪಾಯಿ 30 ಪೈಸೆ ಆಯಿತು.

ಅಹಮದಾಬಾದಿನಲ್ಲಿ ನಿನ್ನ ದೊಡ್ಡಪ್ಪನ ಮಗ ಇದ್ದಾನಲ್ಲ. ಮನೆ ಬೋಪಲ್, ಆಫೀಸು ಎಸ್.ಜಿ. ಹೈವೇ ಮೇಲೆ. ಭಾನುವಾರ ಮಾಣೆಕ್ ಚೌಕಕ್ಕೋ ನದಿ ದಂಡೆಗೋ ಒಂದು ಸುತ್ತು. ವರ್ಷಕ್ಕೆ 6,000 ಕಿ.ಮೀ. ದಾಟಿದರೆ ಹೆಚ್ಚು. ಅವನಿಗೆ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ಖರ್ಚು ವರ್ಷಕ್ಕೆ ಸುಮಾರು 33,500, ಟರ್ಬೊ ಆದರೆ ಸುಮಾರು 44,000. ವ್ಯತ್ಯಾಸ ತಿಂಗಳಿಗೆ ಒಂಬೈನೂರು ರೂಪಾಯಿಯೂ ಇಲ್ಲ. ಸಿಎನ್‌ಜಿ ತೆಗೆದುಕೊಂಡರೆ ಪೆಟ್ರೋಲ್ ಕಾರಿಗಿಂತ ವರ್ಷಕ್ಕೆ ಹದಿನಾಲ್ಕು ಸಾವಿರ ಉಳಿಯುತ್ತದೆ. ಆದರೆ ಕೊಳ್ಳುವಾಗಲೇ ತೊಂಬತ್ತು ಸಾವಿರದಷ್ಟು ಹೆಚ್ಚು ಕೊಟ್ಟಿರುತ್ತಾನೆ, ಅದು ಹಿಂದಿರುಗಲು ಆರು ವರ್ಷಕ್ಕೂ ಹೆಚ್ಚು ಬೇಕು. ಮೈಲೇಜ್ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಅವನಿಗಿಲ್ಲ. ಮನಸ್ಸಿಗೆ ಒಪ್ಪುವ ಕಾರು ಕೊಂಡರಾಯಿತು. ಡೀಸೆಲ್ ಒಂದನ್ನು ಮಾತ್ರ ಮುಟ್ಟಬಾರದು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಬಿಸಿಯಾಗಿ ದೂರ ಓಡಬೇಕು. ಊರೊಳಗಿನ ನಾಲ್ಕು ನಾಲ್ಕು ಕಿಲೋಮೀಟರ್ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ.

ವಡೋದರಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗನ ಕಥೆಯೇ ಬೇರೆ. ದಿನಾ ಹಾಲೋಲ್‌ಗೆ ಹೋಗಿ ಬರುತ್ತಾನೆ, ಹೋಗುವುದು ನಲವತ್ತು, ಬರುವುದು ನಲವತ್ತು, ಹೆಚ್ಚುಕಡಿಮೆ ಪೂರ್ತಿ ತೆರೆದ ರಸ್ತೆ. ವರ್ಷಕ್ಕೆ 23,000 ಕಿ.ಮೀ. ತೆರೆದ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಹೋದರೆ ಟರ್ಬೊ ಗಾಡಿಯೂ 17ರ ಹತ್ತಿರ ಬರಬಹುದು, ಸಾದಾ ಪೆಟ್ರೋಲ್ 20ರ ಹತ್ತಿರ. ಕಿಲೋಮೀಟರಿಗೆ 84 ಪೈಸೆ ವ್ಯತ್ಯಾಸ, ವರ್ಷಕ್ಕೆ ಹತ್ತೊಂಬತ್ತು ಸಾವಿರ. ಊರೊಳಗೆ ಕಿಲೋಮೀಟರಿಗೆ 1 ರೂಪಾಯಿ 70 ಪೈಸೆ ಇದ್ದ ಅಂತರ ಇಲ್ಲಿ ಅರ್ಧಕ್ಕೆ ಇಳಿಯಿತು ನೋಡು. ದಿನವೂ ಲಾರಿಗಳ ನಡುವೆ ನುಗ್ಗಬೇಕಾದವನಿಗೆ ಆ ಹಣಕ್ಕೆ ತಕ್ಕ ನೆಮ್ಮದಿ ಸಿಗುತ್ತದೆ ಅಂದರೆ ನಾನು ತಕರಾರು ಮಾಡುವುದಿಲ್ಲ. ಡೀಸೆಲ್ ಕೂಡ ಅವನ ದಾರಿಗೆ ಒಗ್ಗುತ್ತದೆ.

ಇನ್ನು ಸೂರತ್ತಿನ ನೀನು. ಅಡಾಜಣದಿಂದ ಹಜೀರಾಕ್ಕೆ ಹೋಗಿಬರಲು ದಿನಕ್ಕೆ ನಲವತ್ತು ಕಿ.ಮೀ., ವರ್ಷಕ್ಕೆ ಹನ್ನೆರಡು ಸಾವಿರ. ತಿಂಗಳಿಗೊಮ್ಮೆ ಅತ್ತೆ-ಮಾವನನ್ನು ನೋಡಲು ಅಹಮದಾಬಾದ್, ಹೋಗಿ ಬರಲು 530, ವರ್ಷಕ್ಕೆ ಆರು ಸಾವಿರದ ಮೇಲೆ. ಬೇಸಿಗೆಯಲ್ಲೊಮ್ಮೆ ದಾವಣಗೆರೆ, ಎರಡು ಸಾವಿರ. ಒಟ್ಟು 20,000 ಅಂತ ಇಟ್ಟುಕೋ. ನಿನ್ನದು ಅರ್ಧ ಊರು, ಅರ್ಧ ಹೈವೇ ಇರುವ ದಾರಿ. ಇಲ್ಲಿ ಟರ್ಬೊಗೂ ಸಿಎನ್‌ಜಿಗೂ ವರ್ಷಕ್ಕೆ ಎಂಬತ್ತು ಸಾವಿರದಷ್ಟು ಅಂತರ ಬೀಳುತ್ತದೆ. ಹೈವೇ ಪಾಲಿನಿಂದಾಗಿ ಅದು ಸ್ವಲ್ಪ ಇಳಿದರೂ ಐದು ವರ್ಷದಲ್ಲಿ ಮೂರು ಲಕ್ಷ ದಾಟುತ್ತದೆ.

ಅಳಿಯ ಹೇಳುವ ಮಾತಿನಲ್ಲಿಯೂ ಹುರುಳಿದೆ, ತಳ್ಳಿಹಾಕಬೇಡ. ಕಡಿಮೆ ಶಕ್ತಿಯ ಗಾಡಿಯನ್ನು ತುಂಬಿಸಿಕೊಂಡು ಹೈವೇಯಲ್ಲಿ ಓಡಿಸುವುದು ದಣಿವಿನ ಕೆಲಸ. ಆದರೆ ಅವನು ನೋಡಬೇಕಾದ ಅಂಕಿ ಬೇರೆ. ಬರೀ ಅಶ್ವಶಕ್ತಿಯನ್ನು ಓದಬೇಡಿ, ಅದನ್ನು ಗಾಡಿಯ ತೂಕದಿಂದ ಭಾಗಿಸಿ. 920 ಕೆ.ಜಿ. ತೂಕದ ಹ್ಯಾಚ್‌ಬ್ಯಾಕಿಗೆ 82 ಅಶ್ವಶಕ್ತಿ, 1,150 ಕೆ.ಜಿ.ಯ ಎಸ್‌ಯುವಿಗೆ 103. ಎರಡೂ ಟನ್ನಿಗೆ ತೊಂಬತ್ತರ ಆಸುಪಾಸು. ಇಪ್ಪತ್ತು ಕುದುರೆ ಹೆಚ್ಚು ಕೊಂಡೆ ಅಂದುಕೊಂಡವನು ಅವನ್ನೆಲ್ಲ ಹೆಚ್ಚಿನ ತಗಡು ಹೊರಲು ಬಿಟ್ಟಿರುತ್ತಾನೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ 796 ಸಿಸಿಯ, ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ಎಂಜಿನ್ ಇತ್ತು. ಗಾಡಿ ಹಗುರವಾಗಿದ್ದುದರಿಂದ ಅದು ಊರಿನಲ್ಲಿ ಚುರುಕಾಗಿಯೇ ಓಡಿತು.

ಎರಡನೆಯದು ಟಾರ್ಕ್, ಅಂದರೆ ತಿರುಚುವ ಬಲ. ಪಿಕಪ್ ಅಂತ ನಾವು ಅನ್ನುವುದು ಬಹುಪಾಲು ಇದನ್ನೇ. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ಸುಮಾರು 113 ಎನ್‌ಎಂ ಕೊಡುತ್ತದೆ, ಅದೂ ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ. ಒಂದು ಲೀಟರಿನ ಟರ್ಬೊ ಎಂಜಿನ್ನುಗಳು 150ರಿಂದ 170ರವರೆಗೆ ಕೊಡುತ್ತವೆ, ಅದೂ ಎರಡು ಸಾವಿರದೊಳಗೆ. ಹಾಗಾಗಿ ಟರ್ಬೊ ಗಾಡಿಯಲ್ಲಿ ಗೇರ್ ಇಳಿಸದೆಯೇ ಲಾರಿ ದಾಟಬಹುದು. ಸಾದಾ ಗಾಡಿಯಲ್ಲಿ ಐದರಿಂದ ಮೂರಕ್ಕೆ ಇಳಿಸಿ ದಾಟಬೇಕು. ಇಳಿಸುವುದನ್ನು ಕಲಿತರೆ ಅದೇನೂ ಕಷ್ಟವಲ್ಲ.

ಎಲ್ಲಿ ದಾಟುತ್ತೀಯ ಅನ್ನುವುದನ್ನೂ ಯೋಚಿಸು. ಅಹಮದಾಬಾದ್-ವಡೋದರಾ ಎಕ್ಸ್‌ಪ್ರೆಸ್‌ವೇ 93 ಕಿ.ಮೀ., ಎದುರಿನಿಂದ ಬರುವ ಗಾಡಿಯ ಭಯವಿಲ್ಲ. ವಡೋದರಾದಿಂದ ಸೂರತ್ತಿಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಯೂ ನಡುವೆ ವಿಭಜಕವಿದೆ. ಹಿಂದೆ ಭರೂಚ್‌ನಲ್ಲಿ ನರ್ಮದೆಯ ಸೇತುವೆ ದಾಟಲು ಲಾರಿಗಳ ಹಿಂದೆ ಗಂಟೆಗಟ್ಟಲೆ ನಿಲ್ಲಬೇಕಿತ್ತು, 2017ರಲ್ಲಿ ಹೊಸ ಸೇತುವೆ ಬಂದ ಮೇಲೆ ಆ ಗೋಳು ಇಳಿಯಿತು. ಇಂಥ ರಸ್ತೆಗಳಲ್ಲಿ ದಾಟಲು ಐದು ಸೆಕೆಂಡು ಹೆಚ್ಚು ಹಿಡಿದರೆ ಜೀವಕ್ಕೆ ಅಪಾಯವಿಲ್ಲ. ಐದು ಸೆಕೆಂಡಿಗೆ ಬೆಲೆ ಬರುವುದು ಸಾಪುತಾರಾ ಕಡೆ ಡಾಂಗ್ ಕಾಡಿನ ಕಿರಿದಾದ, ತಿರುವಿನ ರಸ್ತೆಯಲ್ಲಿ. ಅಲ್ಲಿಗೆ ನೀವು ಹೋಗುವುದು ಮಳೆಗಾಲದಲ್ಲೊಮ್ಮೆ. ಅಲ್ಲಿಯೂ ಸರಿಯಾದ ಬುದ್ಧಿ ಅಂದರೆ ದಾಟದೆ ಕಾಯುವುದು.

ಶಕ್ತಿ ಇದ್ದರೆ ಸುರಕ್ಷತೆ ಅನ್ನುವ ವಾದವನ್ನು ಶೋರೂಮಿನ ಹುಡುಗ ಖಂಡಿತ ಹೂಡುತ್ತಾನೆ. ಅಪಾಯದಿಂದ ಪಾರು ಮಾಡುವುದು ಹೆಚ್ಚಿನ ಸಲ ಬ್ರೇಕು, ಟೈರು ಮತ್ತು ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ. 2023ರ ಅಕ್ಟೋಬರಿನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ. ನೋಡಿದ ಕಾರಿಗೆ ಎಷ್ಟು ನಕ್ಷತ್ರ ಸಿಕ್ಕಿದೆ ಅಂತ ಮೊದಲು ನೋಡು. ಕೈಯಲ್ಲಿ ಐವತ್ತು ಸಾವಿರ ಹೆಚ್ಚಿದ್ದರೆ ಅದನ್ನು ಮೊದಲು ಅಲ್ಲಿ ಹಾಕು, ಕುದುರೆಗಳ ಸರದಿ ಆಮೇಲೆ.

ಈಗ ನಿನ್ನ ಕಡೆ ತಿರುಗುತ್ತೇನೆ. ನೀನು ನಂಬಿರುವ ಮೈಲೇಜಿನ ಅಂಕಿ ರಸ್ತೆಯ ಮೇಲೆ ಅಳೆದದ್ದಲ್ಲ. ಪ್ರಯೋಗಾಲಯದಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎ.ಸಿ. ಆರಿಸಿ, ಹತ್ತು-ಹನ್ನೊಂದು ಕಿ.ಮೀ. ಓಟವನ್ನು ಅನುಕರಿಸಿ ಅಳೆಯುತ್ತಾರೆ. ಅದರಲ್ಲಿ ವೇಗ 90 ದಾಟುವುದಿಲ್ಲ, ಸರಾಸರಿ ವೇಗ ಮೂವತ್ತರ ಆಸುಪಾಸು. ಎಲ್ಲ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅದು ಸರಿ, ಒಂದು ಕಾರಿಗೂ ಇನ್ನೊಂದಕ್ಕೂ ಹೋಲಿಕೆ ಸಿಗುತ್ತದೆ. ನಿನ್ನ ಜೇಬಿನ ಲೆಕ್ಕಕ್ಕೆ ಅದರಲ್ಲಿ ಕಾಲುಭಾಗ ಕಳೆದುಬಿಡು. ಅಹಮದಾಬಾದ್ 2016ರ ಮೇ 20ರಂದು 48 ಡಿಗ್ರಿ ಕಂಡ ಊರು. ಇಲ್ಲಿ ಮಾರ್ಚಿನಿಂದ ಜೂನ್ ತನಕ ಎ.ಸಿ. ಆರಿಸುವ ಮಾತೇ ಇಲ್ಲ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಸೇರಿರುತ್ತದೆ. ಲೀಟರಿಗೆ ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ.

ಇನ್ನೊಂದು ಸೂಕ್ಷ್ಮ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಅಳತೆ ಕಣ್ಣಿಗೆ ಮಣ್ಣೆರಚುತ್ತದೆ. 10 ಕೊಡುವ ಕಾರಿನಿಂದ 12 ಕೊಡುವ ಕಾರಿಗೆ ಬಂದರೆ ಹತ್ತು ಸಾವಿರ ಕಿ.ಮೀ.ಗೆ 167 ಲೀಟರ್ ಉಳಿಯುತ್ತದೆ. 20 ಕೊಡುವುದರಿಂದ 24ಕ್ಕೆ ಹಾರಿದರೆ ಉಳಿಯುವುದು ಅದರ ಅರ್ಧ, 83 ಲೀಟರ್. ಯೂರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕುತ್ತಾರೆ, ಅದರಲ್ಲಿ ಈ ಮೋಸವಿಲ್ಲ. ಹಾಗಾಗಿ 22 ಕೊಡುವ ಕಾರನ್ನು ಬಿಟ್ಟು 24ರದ್ದೇ ಬೇಕು ಅಂತ ಹಠ ಹಿಡಿದು, ಅದಕ್ಕಾಗಿ ಇಕ್ಕಟ್ಟಾದ ಹಿಂಸೀಟಿನಲ್ಲಿ ಅತ್ತೆಯನ್ನು ಕೂರಿಸಬೇಡ. ಆ ಎರಡರಲ್ಲಿ ಉಳಿಯುವುದು ತಿಂಗಳಿಗೆ ಐದಾರು ನೂರು ರೂಪಾಯಿ.

ಸಿಎನ್‌ಜಿಯ ಮಾತಿಗೆ ಬಂದರೆ, ಅದಕ್ಕೆ ಗುಜರಾತಿನಷ್ಟು ಅನುಕೂಲದ ರಾಜ್ಯ ಕಡಿಮೆ. ಹಜೀರಾದ ಗ್ಯಾಸು ನಿನ್ನ ಮನೆಯ ಹಿತ್ತಿಲಿನದ್ದು, ದಹೇಜಿನ ಗ್ಯಾಸ್ ಟರ್ಮಿನಲ್ 2004ರಿಂದ ನಡೆಯುತ್ತಿದೆ, ಮೂರೂ ಊರುಗಳ ನಡುವೆ ಬಂಕುಗಳಿಗೆ ಬರವಿಲ್ಲ. ಆದರೆ ಅದರ ಕಷ್ಟಗಳನ್ನೂ ತಿಳಿದುಕೊಂಡು ಕೊಳ್ಳು. ಗ್ಯಾಸು ಗಾಳಿಯ ಜಾಗವನ್ನು ತಿನ್ನುವುದರಿಂದ ಶಕ್ತಿ ಹತ್ತರಿಂದ ಹದಿನೈದು ಶೇಕಡಾ ಇಳಿಯುತ್ತದೆ. 82 ಅಶ್ವಶಕ್ತಿಯ ಕಾರು 70ಕ್ಕೆ ಬರುತ್ತದೆ. ಒಂದೇ ಸಿಲಿಂಡರು ಡಿಕ್ಕಿಯನ್ನು ನುಂಗುತ್ತದೆ, ಎರಡು ಸಣ್ಣ ಸಿಲಿಂಡರುಗಳನ್ನು ಕೆಳಗೆ ಅಡಗಿಸಿದ ಮಾದರಿಗಳಲ್ಲಿ ಸೂಟ್‌ಕೇಸಿಗೆ ಜಾಗ ಉಳಿಯುತ್ತದೆ. ತುಂಬಿಸುವುದು ಎಂಟು-ಒಂಬತ್ತು ಕೆ.ಜಿ., ಆಟೋಗಳ ಸಾಲಿನಲ್ಲಿ ನಿಲ್ಲಬೇಕು, ತುಂಬಿಸುವಾಗ ಎಲ್ಲರೂ ಇಳಿಯಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಮಾಡಿಸಲೇಬೇಕು, ಅದನ್ನು ಮರೆಯುವವರನ್ನು ನೋಡಿ ನನಗೆ ಎದೆ ನಡುಗಿದೆ.

ತೆರಿಗೆಯೂ ಈಗ ಎಂಜಿನ್ನಿನ ಆಯ್ಕೆಯಲ್ಲಿ ಕೈ ಹಾಕುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿಗೆ ಜಿಎಸ್‌ಟಿ ಶೇ. 18. ಡೀಸೆಲಿಗೆ ಆ ಮಿತಿ 1,500 ಸಿಸಿ. ಇದನ್ನು ದಾಟಿದರೆ ಶೇ. 40. ಇಲ್ಲಿ ಅಳಿಯನಿಗೊಂದು ಸಮಾಧಾನವಿದೆ. ಸರ್ಕಾರ ಅಳೆಯುವುದು ಸಿಸಿ ಮತ್ತು ಉದ್ದವನ್ನು, ಕುದುರೆಗಳನ್ನು ಎಣಿಸುವುದಿಲ್ಲ. 120 ಅಶ್ವಶಕ್ತಿಯ ಒಂದು ಲೀಟರ್ ಟರ್ಬೊ ಕಾರೂ ನಾಲ್ಕು ಮೀಟರಿನೊಳಗಿದ್ದರೆ 18ರಲ್ಲೇ ಬರುತ್ತದೆ.

ಶಕ್ತಿ, ಮಿತವ್ಯಯ ಎರಡೂ ಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಸ್ಟ್ರಾಂಗ್ ಹೈಬ್ರಿಡ್ ಕಾರುಗಳಲ್ಲಿ ನಿಂತು-ಹೊರಡುವ ಓಡಾಟದಲ್ಲೇ ಹೆಚ್ಚು ಉಳಿಯುತ್ತದೆ, ಹೈವೇಯಲ್ಲಿ ಆ ಲಾಭ ಕಿರಿದಾಗುತ್ತದೆ. ಬೆಲೆ ಮಾತ್ರ ಮೇಲಿದೆ. ವಿದ್ಯುತ್ ಕಾರಿನಲ್ಲಿ ಶಕ್ತಿಗೂ ಖರ್ಚಿಗೂ ಈ ಹಳೇ ವೈರ ಬಹಳ ಕಡಿಮೆ. 2025ರ ಆಗಸ್ಟಿನಿಂದ ಹಂಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲೂ ಅಂಥ ಕಾರು ತಯಾರಾಗುತ್ತಿದೆ. ನಿಮ್ಮ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಚಾರ್ಜರ್ ಹಾಕಿಸಲು ಸೊಸೈಟಿಯವರು ಒಪ್ಪಿದ ದಿನ ಅದರ ಮಾತು ಆಡೋಣ.

ಟೆಸ್ಟ್ ಡ್ರೈವಿಗೆ ನೀವಿಬ್ಬರೇ ಹೋಗಬೇಡಿ. ನಾಲ್ಕು ಜನ ಕುಳಿತು, ಎ.ಸಿ. ಪೂರ್ತಿ ಇಟ್ಟು, ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ತಾಪಿಯ ಮೇಲಿನ ಕೇಬಲ್ ಸೇತುವೆಯ ಏರನ್ನು ಎರಡನೇ, ಮೂರನೇ ಗೇರಿನಲ್ಲಿ ಹತ್ತಿಸಿ. ಆಮೇಲೆ ತೆರೆದ ರಸ್ತೆಯಲ್ಲಿ 60ರಿಂದ 90ಕ್ಕೆ ಏರಿಸಿ ನೋಡಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದು ಹುಡುಗರ ಪಂದ್ಯ, ಸಂಸಾರಸ್ಥರಿಗೆ ಬೇಕಾದದ್ದು ಈ 60-90. ಸಿಎನ್‌ಜಿ ಕಾರಾದರೆ ಇದನ್ನೇ ಗ್ಯಾಸಿನಲ್ಲೊಮ್ಮೆ, ಪೆಟ್ರೋಲಿನಲ್ಲೊಮ್ಮೆ ಮಾಡಿ.

ಯಾವ ಕಾರು ಕೊಂಡರೂ ಕೊನೆಗೆ ನಡೆಯುವುದು ಬಲಗಾಲಿನ ಆಡಳಿತ. ಎಕ್ಸ್‌ಪ್ರೆಸ್‌ವೇಯ 93 ಕಿ.ಮೀ.ಯನ್ನು 100ರಲ್ಲಿ ಹೋದರೆ 56 ನಿಮಿಷ, 80ರಲ್ಲಿ ಹೋದರೆ 70 ನಿಮಿಷ. ಆ 14 ನಿಮಿಷಕ್ಕಾಗಿ ಎಂಜಿನ್ನು ಪ್ರತಿ ಮೀಟರಿಗೂ ಮೂರನೇ ಒಂದರಷ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ. ಅವಸರವಿದ್ದ ದಿನ ಹೋಗಿ, ದಿನವೂ ಅವಸರ ಮಾಡಿಕೊಳ್ಳಬೇಡಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿಸಿ.

ತೀರ್ಪು ಇಷ್ಟು. ವರ್ಷಕ್ಕೆ 20,000 ಓಡುವ ನಿಮ್ಮ ದಾರಿಗೆ 1.2 ಲೀಟರಿನ ಸಿಎನ್‌ಜಿ ಕಾರು ತೆಗೆದುಕೊಳ್ಳಿ. ಒಂದು ಲೀಟರಿನದು ಬೇಡ, ತುಂಬಿದ ಗಾಡಿಗೆ ಗ್ಯಾಸಿನಲ್ಲಿ ಅದು ಸಾಲದು. ಎರಡು ಸಿಲಿಂಡರಿನ ಮಾದರಿಯಾದರೆ ಇನ್ನೂ ಒಳ್ಳೆಯದು. ಅಳಿಯನ ಪಿಕಪ್ಪಿಗೂ ಅದರಲ್ಲೇ ದಾರಿ ಇದೆ. ಈ 48ನೇ ಹೆದ್ದಾರಿಯೇ ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ ಹಾದು ದಾವಣಗೆರೆಗೆ ಹೋಗುವುದು. ಖಂಡಾಲಾ ಘಟ್ಟ ಬಂದಾಗ, ಪುಣೆ ದಾಟಿ ಖಂಬಾಟ್ಕಿ ಬಂದಾಗ, ಗುಂಡಿ ಒತ್ತಿ ಪೆಟ್ರೋಲಿಗೆ ಬದಲಿಸಿದರೆ ಕಳೆದ ಕುದುರೆಗಳು ವಾಪಸ್ಸು ಬರುತ್ತವೆ. ಕರ್ನಾಟಕದ ಕಡೆ ಗ್ಯಾಸ್ ಬಂಕುಗಳ ನಡುವೆ ದೂರ ಹೆಚ್ಚು, ಅಲ್ಲಿಯೂ ಪೆಟ್ರೋಲ್ ಟ್ಯಾಂಕು ಕಾಯುತ್ತದೆ. ವರ್ಷವಿಡೀ ಗ್ಯಾಸಿನ ಖರ್ಚು, ಬೇಕಾದ ಕೆಲವು ದಿನ ಪೆಟ್ರೋಲಿನ ಶಕ್ತಿ.

ಒಂದು ಷರತ್ತಿದೆ. ನಿನಗೆ ಅಹಮದಾಬಾದಿಗೇ ವರ್ಗವಾಗುವ ಮಾತಿದೆಯಂತಲ್ಲ. ಹಾಗಾದರೆ 20,000 ಅನ್ನುವುದು ಆರೇಳು ಸಾವಿರಕ್ಕೆ ಇಳಿಯುತ್ತದೆ, ನನ್ನ ತೀರ್ಪೂ ಅದರ ಜೊತೆ ಬಿದ್ದುಹೋಗುತ್ತದೆ. ಆಗ ಅಳಿಯನ ಟರ್ಬೊ ಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಮೊದಲು ವರ್ಗದ ವಿಷಯ ಖಚಿತ ಮಾಡಿಕೋ, ಆಮೇಲೆ ಬುಕಿಂಗ್ ಹಣ ಕಟ್ಟು.

ಆಶೀರ್ವಾದಗಳು,
ನಿನ್ನ ಸೋದರಮಾವ